ಪರದೆಯ ಮೇಲಿನ ಪಾಲು

ಹುಟ್ಟುಕಿವುಡನಿಗೆ ಆಸ್ತಿಯಲ್ಲಿ ಪಾಲಿಲ್ಲ, ಆದರೆ ಪಾಲು ಪಡೆದವರು ಅವನಿಗೆ ಶಕ್ತ್ಯನುಸಾರ ಅನ್ನ-ಬಟ್ಟೆ ಕೊಡಬೇಕು, ಕೊಡದವನು ಪತಿತ ಎನ್ನುತ್ತದೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ. ಅಂಗವಿಕಲರನ್ನು ಹೀಗೆ ನಿರಂಶರೆಂದೂ ಪೋಷಣೆಗೆ ಅರ್ಹರೆಂದೂ ಕಾಣುವ ನಿಲುವನ್ನು ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರವೂ ಉಳಿಸಿಕೊಂಡಿತು. ಬೀದಿಗೆ ತಳ್ಳಲಿಲ್ಲವಲ್ಲ, ಹೊಟ್ಟೆಗೆ ಹಾಕಿ ಎಂದಿತಲ್ಲ ಎಂದು ಸಮರ್ಥಿಸುವವರು ಇದ್ದಾರೆ. ಅವರು ಮರೆಯುವುದು ಇಷ್ಟನ್ನು: ಪಾಲಿದ್ದವನಿಗೆ ಮನೆಯ ವ್ಯವಹಾರದಲ್ಲಿ ಮಾತಿರುತ್ತದೆ, ಬರೀ ಊಟವಿದ್ದವನಿಗೆ ಇರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ರೋಗ, ಊನಗಳ ಕಾರಣಕ್ಕೆ ಯಾರನ್ನೂ ಪಾಲಿನಿಂದ ಹೊರಗಿಡಬಾರದೆಂದು ಹೇಳಿ ಆಸ್ತಿಯ ಮಟ್ಟಿಗೆ ಪ್ರಶ್ನೆಯನ್ನು ಮುಗಿಸಿತು. ಕಿವಿ ಮಂದವಿದ್ದು ಮನೆಯಿಂದಲೇ ಕೆಲಸ ಮಾಡುವವರ ವಿಷಯದಲ್ಲಿ ಅದು ಇನ್ನೂ ಮುಗಿದಿಲ್ಲ. ಸಂಸ್ಥೆ ಅವರಿಗೆ ಕೊಡುತ್ತಿರುವುದು ಪಾಲೋ, ಪೋಷಣೆಯೋ?

ವರ್ಕ್ ಫ್ರಂ ಹೋಂ ಅವರಿಗೆ ಅನುಕೂಲವೇ ಸರಿ. ಕಚೇರಿಯ ಗದ್ದಲವಿಲ್ಲ, ಹೇಳುವುದನ್ನು ಮೆಸೇಜಿನಲ್ಲಿ ಬರೆದು ಕಳಿಸಬಹುದು. ತೊಡಕು ಶುರುವಾಗುವುದು ಮೀಟಿಂಗಿನಲ್ಲಿ. ಸಾಮಾನ್ಯವಾಗಿ ಶ್ರವಣದೋಷ ಮೊದಲು ಕಸಿಯುವುದು ಹೆಚ್ಚು ಕಂಪನಾಂಕದ ಧ್ವನಿಗಳನ್ನು. ಸ್ವರಗಳು ಕೇಳಿಸುತ್ತವೆ, ಸ, ಶ, ಫದಂಥ ವ್ಯಂಜನಗಳು ಕರಗಿಹೋಗುತ್ತವೆ. ಆದ್ದರಿಂದ ‘ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ’ ಎಂಬ ಸಲಹೆಯಿಂದ ಸದ್ದು ಹೆಚ್ಚುತ್ತದೆಯೇ ಹೊರತು ಮಾತು ಬಿಡಿಸಿ ಕೇಳುವುದಿಲ್ಲ. ತುಟಿಯ ಚಲನೆ ನೋಡಿ ಊಹಿಸೋಣವೆಂದರೆ ಅರ್ಧ ಜನ ಕ್ಯಾಮೆರಾ ಆಫ್ ಮಾಡಿರುತ್ತಾರೆ. ಕ್ಯಾಮೆರಾ ಇದ್ದರೂ ಬರ, ಮರ ಎರಡೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಕ್ಯಾಪ್ಷನ್ ಆ ಕೊರತೆಯನ್ನು ಸಾಕಷ್ಟು ತುಂಬುತ್ತದೆ, ಆದರೆ ಇಬ್ಬರು ಒಟ್ಟಿಗೆ ಬಾಯಿ ಹಾಕಿದರೆ, ಕನ್ನಡ-ಇಂಗ್ಲಿಷ್ ಬೆರೆತರೆ ಅಕ್ಷರಗಳು ಕಲಸಿಹೋಗುತ್ತವೆ. ಅದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಚರ್ಚೆ ಮುಂದಿನ ವಿಷಯಕ್ಕೆ ದಾಟಿರುತ್ತದೆ. ಸಂಬಳ ತಪ್ಪದೆ ಬರುತ್ತದೆ, ನಿರ್ಧಾರ ಅವರನ್ನು ಬಿಟ್ಟು ಆಗುತ್ತದೆ. ಮನೆಯಿಂದ ಕೆಲಸ ಮಾಡಲು ಬಿಟ್ಟಿದ್ದೇವಲ್ಲ, ಇನ್ನೇನು ಬೇಕು ಎನ್ನುವವರಿಗೆ ಉತ್ತರ ಇಲ್ಲೇ ಇದೆ. ನಿರಂಶನಿಗೆ ಅನ್ನ-ಬಟ್ಟೆ ಕೊಟ್ಟ ಹಳೆಯ ಏರ್ಪಾಡಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಪಾಲು ಎಂದರೆ ಏನೆಂಬುದನ್ನು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆನ್‌ಲೈನ್ ಕಲಾಪವೊಂದು ತೋರಿಸಿತು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸನ್ನೆ ಭಾಷೆಯ ದುಭಾಷಿಯ ಜೊತೆ ವಿಡಿಯೊದಲ್ಲಿ ಹಾಜರಾದಾಗ, ದುಭಾಷಿಗೆ ಪರದೆಯಲ್ಲಿ ಜಾಗ ಕೊಡಲು ಕಂಟ್ರೋಲ್ ರೂಮ್ ಮೊದಲು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅನುಮತಿ ಕೊಟ್ಟ ಮೇಲೆ ಜಾಗ ಸಿಕ್ಕಿತು. ಮರುವರ್ಷ ಕರ್ನಾಟಕ ಹೈಕೋರ್ಟ್ ಕೂಡ ದುಭಾಷಿಯ ಮೂಲಕ ಅವರ ವಾದ ಆಲಿಸಿತು. ಅಲ್ಲಿ ಬೇಕಿದ್ದದ್ದು ಪರದೆಯಲ್ಲಿ ಒಂದು ಚಿಕ್ಕ ಚೌಕ, ಅಷ್ಟೇ. ಅದಿಲ್ಲದಿದ್ದರೆ ಅವರು ಕಲಾಪದಲ್ಲಿದ್ದೂ ಇಲ್ಲದಂತೆ. ಕಾನೂನಿನ ನೋಟವೂ ಇದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಗತ್ಯವಾದ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ.

ಆ ಕಾಯ್ದೆಯೇ ಅತಿಯಾದ ಹೊರೆ ಬೀಳಬಾರದೆಂದೂ ಹೇಳುತ್ತದೆ. ಹಾಗಾದರೆ ಒಬ್ಬರಿಗಾಗಿ ಇಡೀ ತಂಡ ನಿಧಾನವಾಗಬೇಕೇ? ಒಬ್ಬೊಬ್ಬರಾಗಿ ಮಾತಾಡುವುದು, ಮಾತಾಡುವಾಗ ಮುಖ ಕಾಣಿಸುವುದು, ನಿರ್ಧಾರವನ್ನು ಬರೆದಿಡುವುದು ಹೊರೆಯೆನಿಸುವಂಥವಲ್ಲ. ಇದರಿಂದ ಎಲ್ಲರಿಗೂ ಲಾಭವೆಂದು ಸಮಾಧಾನ ಹೇಳುವುದು ರೂಢಿ. ಅದು ನಿಜವಾದರೂ ನನ್ನ ವಾದ ಅದರ ಮೇಲೆ ನಿಂತಿಲ್ಲ. ಪಾಲು ಕೇಳುವವರು ಅದರಿಂದ ದಾಯಾದಿಗಳಿಗೇನು ಲಾಭವೆಂದು ರುಜುವಾತು ಮಾಡಬೇಕಿಲ್ಲ. ಅವರು ಬಾಯಿ ಬಿಟ್ಟು ಹೇಳದೆ ಸಂಸ್ಥೆಗೆ ತಿಳಿಯುವುದು ಹೇಗೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹೇಳುವ ಹೊಣೆ ಅವರದೇ. ಆದರೆ ಒಮ್ಮೆ ಹೇಳಿದರೆ ಸಾಕಾಗಬೇಕು, ಪ್ರತಿ ಮೀಟಿಂಗಿಗೂ ‘ದಯವಿಟ್ಟು’ ಎಂದು ಶುರುಮಾಡುವಂತಾದರೆ ಹಕ್ಕು ಬೇಡಿಕೆಯಾಗಿ ಇಳಿಯುತ್ತದೆ.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಧರ್ಮದ ಕಡೆಯಿಂದ ಬರುವಂಥದ್ದು. ದಯೆಗೆ ಇಷ್ಟೊಂದು ಬೆಲೆ ಕೊಟ್ಟ ನಾಡಿನಲ್ಲಿ ಎಲ್ಲವನ್ನೂ ಹಕ್ಕಿನ ಲೆಕ್ಕಕ್ಕೆ ಇಳಿಸಿದರೆ ಮನುಷ್ಯ ಸಂಬಂಧ ಒಣಗುವುದಿಲ್ಲವೇ? ದಯೆ ದೊಡ್ಡದು, ಕಾಯ್ದೆ ಮುಟ್ಟದ ಕಡೆಗೂ ಅದು ಹರಿಯುತ್ತದೆ. ಆದರೆ ಅದರ ಕೀಲಿಕೈ ಕೊಡುವವನ ಕೈಯಲ್ಲಿದೆ, ಅವನು ದಣಿದ ದಿನ ಬಾಗಿಲು ಮುಚ್ಚುತ್ತದೆ. ಪಾಲು ಖಚಿತವಾದ ಮೇಲೆ ತೋರುವ ಅಕ್ಕರೆಗೆ ಋಣದ ಭಾರವಿರುವುದಿಲ್ಲ, ಸಮಾನರ ನಡುವೆ ಹುಟ್ಟುವ ಸ್ನೇಹವಾಗುತ್ತದೆ ಅದು. ಹಾಗಾಗಿ ಸಂಸ್ಥೆಯೊಂದು ತನ್ನನ್ನು ಪರೀಕ್ಷಿಸಿಕೊಳ್ಳಲು ಎಷ್ಟು ಸೌಲಭ್ಯ ಕೊಟ್ಟೆವೆಂದು ಎಣಿಸಬೇಕಿಲ್ಲ. ನಿರ್ಧಾರ ಆಗುವ ಮುನ್ನ, ಉಳಿದವರಷ್ಟೇ ಸಲೀಸಾಗಿ, ‘ಇದು ನನಗೆ ಒಪ್ಪಿಗೆಯಿಲ್ಲ’ ಎನ್ನಲು ಆ ಉದ್ಯೋಗಿಗೆ ಸಾಧ್ಯವಿತ್ತೇ ಎಂದು ಕೇಳಿಕೊಂಡರೆ ಸಾಕು.