ಇಬ್ಬರನ್ನು ಬಿಟ್ಟು ಬನ್ನಿ

ಒಂದು ಗುಂಪಿಗೆ ದೊಡ್ಡದೊಂದು ಗೌರವ ಬರುವುದಿದೆ. ಆದರೆ ಗುಂಪಿನ ಒಬ್ಬಿಬ್ಬರನ್ನು ಹೊರಗಿಟ್ಟು ಬರಬೇಕು ಎಂಬುದು ಕರೆಯುವವರ ಷರತ್ತು. ಆಗ ಉಳಿದವರು ಏನು ಮಾಡಬೇಕು? ನೀತಿಪಾಠದ ಪುಸ್ತಕದಲ್ಲಿ ಇದಕ್ಕೆ ಉತ್ತರ ಸುಲಭ. ಬದುಕಿನಲ್ಲಿ ಅಷ್ಟು ಸುಲಭವಲ್ಲ. ಏಕೆಂದರೆ ಅಲ್ಲಿ ಇಂಥ ಷರತ್ತನ್ನು ಯಾರೂ ಬರೆದು ಕೊಡುವುದಿಲ್ಲ. ಈ ಪ್ರಶ್ನೆಯನ್ನು ವಿಚಾರ ಮಾಡಲು ನಾವು ಬಹು ದೂರದ ಒಂದು ಉದಾಹರಣೆಯನ್ನು ಎತ್ತಿಕೊಂಡಿದ್ದೇವೆ. ದೂರದ್ದಾದ್ದರಿಂದ ಯಾರಿಗೂ ನೋವಾಗದು. ಹತ್ತಿರಕ್ಕೆ ಆಮೇಲೆ ಬರೋಣ.

ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜೆಸ್ಯೂಟ್ ಪಾದ್ರಿಗಳ ಒಂದು ವಿಶ್ವವಿದ್ಯಾನಿಲಯವಿದೆ. ಊರ ಹೆಸರೇ ಅದರ ಹೆಸರು. ಅದರ ವಿದ್ಯಾರ್ಥಿಗಳ ಫುಟ್‌ಬಾಲ್ ತಂಡಕ್ಕೆ ‘ಡಾನ್ಸ್’ ಎಂಬ ಅಡ್ಡಹೆಸರು. ಫುಟ್‌ಬಾಲ್ ಎಂದಾಕ್ಷಣ ನಮ್ಮ ಕಾಮಠಿಯ ಹುಡುಗರು ಆಡುವ ಆಟವನ್ನು ಯಾರೂ ನೆನೆಯಬಾರದು. ಅಮೆರಿಕದವರದು ಮೊಟ್ಟೆಯಾಕಾರದ ಚೆಂಡು. ಅದನ್ನು ಬಹುಮಟ್ಟಿಗೆ ಕೈಯಲ್ಲೇ ಹಿಡಿದು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಎದುರಾಳಿಗಳನ್ನು ಭುಜದಿಂದ ನೂಕಿ ಓಡುತ್ತಾರೆ. ಕಾಲಿಗೆ ಇಷ್ಟು ಕಡಿಮೆ ಕೆಲಸವಿರುವ ಆಟಕ್ಕೆ ಆ ಹೆಸರೇಕೆ ಎಂದು ಮಾತ್ರ ನಮ್ಮನ್ನು ಕೇಳಬಾರದು.

1951ರಲ್ಲಿ ಈ ತಂಡ ಒಂಬತ್ತು ಪಂದ್ಯ ಆಡಿತು, ಒಂಬತ್ತನ್ನೂ ಗೆದ್ದಿತು. ಜೋ ಕುಹಾರಿಚ್ ಎಂಬವರು ತರಬೇತುದಾರರು. ದೇಶದ ಇನ್ನೊಂದು ತುದಿಯ ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ತಂಡವನ್ನು 32–26ರಿಂದ ಸೋಲಿಸಿ ಬಂದರು. ಕೊನೆಯ ಪಂದ್ಯದಲ್ಲಿ ಲೊಯೋಲಾ ಕಾಲೇಜಿನವರನ್ನು 20–2ರಿಂದ ಮುಗಿಸಿದರು. ತಂಡದ ಒಲ್ಲಿ ಮ್ಯಾಟ್ಸನ್ ಎಂಬ ಹುಡುಗ ಆ ವರ್ಷ ಚೆಂಡು ಹಿಡಿದು ಓಡಿದ ದೂರ 1,566 ಗಜ. ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅದಕ್ಕಿಂತ ಹೆಚ್ಚು ಓಡಿದವರಿರಲಿಲ್ಲ. ರಕ್ಷಣೆಯ ಸಾಲಿನಲ್ಲಿ ಬರ್ಲ್ ಟೋಲರ್ ಎಂಬ ಇನ್ನೊಬ್ಬ ಹುಡುಗ. ತಂಡದಲ್ಲಿ ಕಪ್ಪು ಜನಾಂಗದವರು ಈ ಇಬ್ಬರೇ.

ಅಲ್ಲಿನ ಪದ್ಧತಿಯಂತೆ ಋತು ಮುಗಿದ ಮೇಲೆ, ಹೊಸ ವರ್ಷದ ಸುಮಾರಿಗೆ, ಕೆಲವು ನಗರಗಳಲ್ಲಿ ‘ಬೌಲ್’ ಎಂಬ ವಿಶೇಷ ಪಂದ್ಯಗಳು ನಡೆಯುತ್ತವೆ. ಅತ್ಯುತ್ತಮ ತಂಡಗಳಿಗೆ ಕರೆ ಬರುತ್ತದೆ. ಟಿಕೆಟ್ಟಿನ ಹಣದಲ್ಲಿ ಕಾಲೇಜುಗಳಿಗೂ ಪಾಲು ಸಿಗುತ್ತದೆ. ಈ ಕಾಲೇಜಿಗೆ ಹಣದ ಅಗತ್ಯ ಬಹಳವಿತ್ತು. ಫುಟ್‌ಬಾಲಿನಿಂದ ನಷ್ಟವಾಗುತ್ತಿತ್ತು, ಬೌಲ್ ಪಂದ್ಯ ಸಿಕ್ಕರೆ ತಂಡ ಉಳಿಯುವ ಆಸೆಯಿತ್ತು. ದಕ್ಷಿಣದ ಕಡೆಯಿಂದ ಬಂದ ಸೂಚನೆ ಇಷ್ಟು: ಆ ಇಬ್ಬರನ್ನು ಬಿಟ್ಟು ಬರುವುದಾದರೆ ಬರಬಹುದು. ದಕ್ಷಿಣದ ರಾಜ್ಯಗಳಲ್ಲಿ ಆಗ ಶಾಲೆ, ಬಸ್ಸು, ಹೋಟೆಲು ಎಲ್ಲವೂ ಬಣ್ಣದ ಮೇಲೆ ಬೇರೆ ಬೇರೆ. ಶಾಲೆಗಳಲ್ಲಿನ ಆ ಭೇದ ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ.

ತಂಡದವರು ಹೋಗಲಿಲ್ಲ. ಮುಂದೆ ಮುದುಕರಾದ ಮೇಲೆ ಆ ಆಟಗಾರರು ಹೇಳಿಕೊಂಡದ್ದೆಲ್ಲ ಒಂದೇ ಧಾಟಿಯದು: ಬೇಡವೆನ್ನಲು ಹೆಚ್ಚು ಯೋಚಿಸಬೇಕಾಗಲಿಲ್ಲ. ಬೌಲ್ ಪಂದ್ಯಗಳು ಬೇರೆ ತಂಡಗಳೊಂದಿಗೆ ನಡೆದವು. ಆ ಋತುವಿನ ನಂತರ ಕಾಲೇಜು ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿಬಿಟ್ಟಿತು.

ಇದರಲ್ಲಿ ನಮಗೆ ಬಹಳ ಗಮನಾರ್ಹವೆನಿಸುವ ಸಂಗತಿ ಒಂದುಂಟು. ಈ ತಂಡಕ್ಕೆ ಕರೆ ಬರಲಿಲ್ಲವೇಕೆ ಎಂಬುದಕ್ಕೆ ಬಹಿರಂಗವಾಗಿ ಹೇಳಿದ ಕಾರಣ ಬಣ್ಣವಲ್ಲ. ಇವರು ಆಡಿದ್ದು ದುರ್ಬಲ ತಂಡಗಳ ಮೇಲೆ, ಆದ್ದರಿಂದ ಇವರ ಗೆಲುವಿಗೆ ಅಷ್ಟು ತೂಕವಿಲ್ಲ ಎಂದರು. ಇದು ಪೂರ್ತಿ ಸುಳ್ಳೆಂದೂ ಹೇಳುವಂತಿರಲಿಲ್ಲ; ಎದುರಾಳಿಗಳಲ್ಲಿ ಕೆಲವರು ನಿಜವಾಗಿಯೂ ಸಾಮಾನ್ಯರೇ. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಈ ವಿದ್ಯೆ ಅಪರಿಚಿತವಲ್ಲ. ಬಾಯಲ್ಲಿ ಆಡಿದ ಕಾರಣ ಒಂದು, ಟಿಪ್ಪಣಿಯಲ್ಲಿ ಬರೆದ ಕಾರಣ ಇನ್ನೊಂದು. ಬರೆದದ್ದರಲ್ಲಿ ಒಂದಕ್ಷರ ತಪ್ಪು ಹುಡುಕಲು ಸಾಧ್ಯವಿಲ್ಲ, ನಿಯಮದ ಸಂಖ್ಯೆ ಸಹಿತ ಇರುತ್ತದೆ. ಅನ್ಯಾಯಕ್ಕೆ ಅರ್ಧ ಸತ್ಯದಷ್ಟು ಒಳ್ಳೆಯ ಹೊದಿಕೆ ಬೇರೆ ಸಿಗದು.

ಮಹಾಭಾರತದ ಕೊನೆಯನ್ನು ಬಲ್ಲ ನಮ್ಮ ಓದುಗರಿಗೆ ಇಷ್ಟರಲ್ಲೇ ಧರ್ಮರಾಯನ ನಾಯಿ ನೆನಪಿಗೆ ಬಂದಿರಬೇಕು. ಇಂದ್ರ ರಥ ತಂದು ನಿಲ್ಲಿಸಿ, ನಾಯಿಯನ್ನು ಬಿಟ್ಟು ಬಾ ಎಂದ. ಬಿಡಲಾರೆ ಎಂದ ಧರ್ಮರಾಯ. (ಹೋಲಿಕೆ ಕರೆಗೂ ಕರೆಗೂ ಮಾತ್ರ, ನಾಯಿಗೂ ಮನುಷ್ಯರಿಗೂ ಅಲ್ಲವೆಂದು ಬೇರೆ ಹೇಳಬೇಕಾಗಿಲ್ಲ.) ಹರಿಕಥೆಯಲ್ಲಿ ಈ ಭಾಗ ಬಂದಾಗ ನಾವೆಲ್ಲ ಕಣ್ಣೊರೆಸಿಕೊಂಡವರೇ. ಆದರೆ ಅದಕ್ಕೆ ಸ್ವಲ್ಪ ಹಿಂದಿನದನ್ನೂ ನೋಡಬೇಕು. ದಾರಿಯಲ್ಲಿ ದ್ರೌಪದಿ ಬಿದ್ದಳು, ಸಹದೇವ ಬಿದ್ದ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬಿದ್ದರು. ಧರ್ಮರಾಯ ತಿರುಗಿ ನೋಡಲಿಲ್ಲ. ಭೀಮ ಕೇಳಿದಾಗಲೆಲ್ಲ ಕಾರಣ ಹೇಳುತ್ತ ಹೋದ: ಆಕೆಗೆ ಅರ್ಜುನನ ಮೇಲೆ ಪಕ್ಷಪಾತ, ಸಹದೇವನಿಗೆ ಬುದ್ಧಿಯ ಗರ್ವ, ನಕುಲನಿಗೆ ರೂಪದ ಗರ್ವ, ಹೀಗೆ. ಎಲ್ಲವೂ ಸರಿಯಾದ ಕಾರಣಗಳೇ! ಬಿದ್ದವರನ್ನು ಬಿಟ್ಟು ನಡೆಯಲು ಸರಿಯಾದ ಕಾರಣ ಯಾವಾಗಲೂ ಸಿಗುತ್ತದೆ ಎಂಬುದನ್ನು ವ್ಯಾಸರು ಬಲ್ಲರು. ಆದ್ದರಿಂದಲೇ ಇರಬೇಕು, ಸ್ವರ್ಗಕ್ಕೆ ಹೋದ ಮೇಲೂ ಅವನನ್ನು ಅವರು ಸುಮ್ಮನೆ ಬಿಡಲಿಲ್ಲ. ನರಕದಲ್ಲಿ ತಮ್ಮಂದಿರ ಕೂಗು ಕೇಳಿಸಿ, ನಾನೂ ಇಲ್ಲೇ ಇರುತ್ತೇನೆ ಎನ್ನುವವರೆಗೆ ಅವನ ಪರೀಕ್ಷೆ ಮುಗಿಯಲಿಲ್ಲ.

ಆದರೂ ಒಂದು ವ್ಯತ್ಯಾಸವಿದೆ. ಧರ್ಮರಾಯ ಬೇಡವೆಂದ ಮರುಕ್ಷಣ ನಾಯಿ ಯಮಧರ್ಮನಾಯಿತು, ರಥ ಅಲ್ಲೇ ನಿಂತಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಹುಡುಗರು ಬೇಡವೆಂದಾಗ ರಥ ಹೊರಟುಹೋಯಿತು. ಬೇಡವೆಂದದ್ದಕ್ಕೆ ಪ್ರತಿಫಲ ಉಂಟೆಂದು ಮೊದಲೇ ತಿಳಿದಿದ್ದರೆ ಅದು ಲೆಕ್ಕಾಚಾರವಾಗುತ್ತದೆ, ತ್ಯಾಗವಾಗುವುದಿಲ್ಲ. ಈ ಹುಡುಗರಿಗೆ ಹಾಗೇನೂ ತಿಳಿದಿರಲಿಲ್ಲ.

ವ್ಯವಹಾರಸ್ಥರು ಇಲ್ಲೊಂದು ಆಕ್ಷೇಪ ಎತ್ತುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಇವರು ಹೋಗದಿದ್ದುದರಿಂದ ಏನು ಬದಲಾಯಿತು? ಹೋಗಿದ್ದರೆ ಹಣ ಬರುತ್ತಿತ್ತು, ತಂಡ ಉಳಿಯುತ್ತಿತ್ತು, ಮುಂದೆ ಇನ್ನೂ ಹತ್ತು ಜನ ಕಪ್ಪು ಹುಡುಗರು ಅದೇ ತಂಡದಲ್ಲಿ ಆಡಬಹುದಿತ್ತು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಹಾಗೆ ಉಳಿದ ತಂಡದಲ್ಲಿ ಮುಂದೆ ಆಡಲು ಬರುವ ಹುಡುಗನಿಗೆ, ಷರತ್ತು ಬಂದ ದಿನ ತನ್ನನ್ನು ಬಿಟ್ಟು ಹೋಗುತ್ತಾರೆ ಎಂಬುದು ಮೊದಲ ದಿನದಿಂದಲೇ ಗೊತ್ತಿರುತ್ತದೆ. ಅಂಥವನು ಜೊತೆಗಾರನಾಗಿ ಅಲ್ಲಿರುವುದಿಲ್ಲ, ಬಾಡಿಗೆಗೆ ಬಂದವನಾಗಿ ಇರುತ್ತಾನೆ.

ಇನ್ನು ನಮ್ಮ ನಾಡಿಗೆ ಬರೋಣ. ಪಾಲ್ವಂಕರ್ ಬಾಳೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ದಲಿತ ಕುಟುಂಬ. ಪುಣೆಯಲ್ಲಿ ಇಂಗ್ಲಿಷರ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಕೆಲಸದಲ್ಲಿದ್ದು, ಅಲ್ಲಿನ ದೊರೆಗಳಿಗೆ ಬೌಲಿಂಗ್ ಮಾಡುತ್ತ ಮಾಡುತ್ತ ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರ್ ಆದವರು. ಹಿಂದೂ ತಂಡದವರಿಗೆ ಅವರ ವಿಕೆಟ್ಟುಗಳು ಬೇಕಿದ್ದವು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದ ಈ ಮನುಷ್ಯನಿಗೆ ನಾಯಕತ್ವ ಕೊಡಲು ಮನಸ್ಸು ಬರಲಿಲ್ಲ. 1920ರ ಬೊಂಬಾಯಿ ಚತುಷ್ಕೋನ ಪಂದ್ಯಾವಳಿಯಲ್ಲಿ ತಂಡದಿಂದಲೇ ಕೈಬಿಟ್ಟಾಗ ಅವರ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ತಾವೂ ಆಡುವುದಿಲ್ಲವೆಂದು ಹಿಂದೆ ಸರಿದರು. ಗದ್ದಲವಾಯಿತು. ಫೈನಲಿಗೆ ಬಾಳೂ ಅವರನ್ನು ಉಪನಾಯಕರಾಗಿ ಕರೆಸಿಕೊಂಡರು. 1923ರಲ್ಲಿ ವಿಠ್ಠಲ ಅವರೇ ಹಿಂದೂ ತಂಡದ ನಾಯಕರಾದರು.

ಈ ಕಥೆಯನ್ನು ಗೆಲುವಿನ ಕಥೆಯೆಂದು ಹೇಳುವ ರೂಢಿ, ಗೆಲುವು ಹೌದು. ಆದರೆ ಹೊರಬಂದವರು ಯಾರು ನೋಡಿ: ಸ್ವಂತ ತಮ್ಮಂದಿರು. ಉಳಿದವರು ಹೋಗಿ ಆ ಪಂದ್ಯ ಆಡಿದರು. ವರ್ಷಗಟ್ಟಲೆ ಅದೇ ಬಾಳೂ ತೆಗೆದುಕೊಟ್ಟ ವಿಕೆಟ್ಟುಗಳಿಂದ ಗೆದ್ದ ತಂಡ ಅದು. ಅವಮಾನವಾದವನ ಪರವಾಗಿ ಅವನ ಮನೆಯವರು ನಿಲ್ಲುವುದು ರಕ್ತದ ಮಾತು. ನಮ್ಮ ಪ್ರಶ್ನೆ ಇರುವುದು ಉಳಿದವರ ಬಗ್ಗೆಯೇ. ಹೊರಗಿಟ್ಟವರೇ ಎದ್ದು ಒಟ್ಟಾಗಿ ಹೊರಟರೆ ಏನಾಗುತ್ತದೆ ಎಂಬುದನ್ನು 1956ರ ಅಕ್ಟೋಬರ್ 14ರ ದೀಕ್ಷಾಭೂಮಿಯನ್ನು ಬಲ್ಲ ನಾಗಪುರದವರಿಗೆ ನಾವು ಹೇಳಬೇಕಾಗಿಲ್ಲ.

ಬೇಡವೆನ್ನುವ ಹಕ್ಕು ಯಾರದು ಎಂಬುದೂ ಇದರೊಳಗಿನ ಪ್ರಶ್ನೆಯೇ. 1974ರಲ್ಲಿ ಭಾರತದ ಡೇವಿಸ್ ಕಪ್ ಟೆನಿಸ್ ತಂಡ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಫೈನಲ್ ತಲುಪಿತು. ಎದುರಾಳಿ, ವರ್ಣಭೇದದ ಅಂದಿನ ದಕ್ಷಿಣ ಆಫ್ರಿಕ. ಭಾರತ ಆಡಲಿಲ್ಲ, ಕಪ್ಪು ಅವರಿಗೆ ಆಡದೆಯೇ ಹೋಯಿತು. ಆ ಕಪ್ಪು ಇಂದಿಗೂ ನಮಗೆ ದಕ್ಕಿಲ್ಲ. ನಿರ್ಧಾರ ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ನಿರ್ಧರಿಸಿದ್ದು ಸರ್ಕಾರ, ಕಳೆದುಕೊಂಡವರು ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರಂಥ ಆಟಗಾರರು. ಮತ್ತೊಬ್ಬರ ಕೈಯಲ್ಲಿರುವುದನ್ನು ನಾವು ತ್ಯಾಗ ಮಾಡಿದಾಗ ಹೊಗಳಿಕೆಯನ್ನು ಸ್ವಲ್ಪ ಕಡಿಮೆ ತೆಗೆದುಕೊಳ್ಳಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಡವೆಂದವರೂ ಕಳೆದುಕೊಂಡವರೂ ಒಬ್ಬರೇ.

ಹಾಗೆಂದು ಅವರ ಹೆಸರಿನಲ್ಲಿ ದೇವಸ್ಥಾನ ಕಟ್ಟುವುದೂ ಬೇಡ. ಆ ಇಬ್ಬರು ಅದಾಗಲೇ ತಂಡದೊಳಗಿದ್ದರು, ಜೊತೆಗೆ ಉಂಡು ಬೆವರು ಸುರಿಸಿದವರು. ಒಳಗೆ ಬರಲು ಎಂದೂ ದಾರಿಯೇ ಇರದವರ ಗತಿ ಏನು? ಅವರ ಪರವಾಗಿ ಬೇಡವೆನ್ನುವ ಸಂದರ್ಭವೇ ಬರುವುದಿಲ್ಲ. ನಮ್ಮೂರಿನ ಹಿಸ್ಲಾಪ್ ಕಾಲೇಜಿನಲ್ಲಿ ಕ್ರೀಡಾ ಅಧ್ಯಾಪಕರಾಗಿದ್ದ ವಿಜಯ್ ಬಾರ್ಸೆ, ಮಳೆಯಲ್ಲಿ ಕೊಳೆಗೇರಿಯ ಹುಡುಗರು ಒಡೆದ ಬಕೆಟ್ ಒದೆಯುತ್ತ ಆಡುವುದನ್ನು ಕಂಡು, 2001ರಲ್ಲಿ ಅವರಿಗಾಗಿಯೇ ‘ಸ್ಲಂ ಸಾಕರ್’ ಆರಂಭಿಸಿದರು. 2022ರ ‘ಝುಂಡ್’ ಚಿತ್ರ ನೋಡಿದವರಿಗೆ ಈ ಕಥೆ ಗೊತ್ತು. ಬಕೆಟ್ ಒದೆಯುವ ಹುಡುಗನನ್ನು ಬಿಟ್ಟು ಬನ್ನಿ ಎಂದು ಯಾವ ಕಾಲೇಜು ತಂಡಕ್ಕೂ ಯಾರೂ ಹೇಳಬೇಕಾಗಿರಲಿಲ್ಲ.

ಹತ್ತಿರಕ್ಕೆ ಬರೋಣ ಎಂದಿದ್ದೆವು. ಬೇರೆ ಊರಿನಿಂದ ಬಂದ ಮೂವರು ಹುಡುಗರು ಒಟ್ಟಿಗೆ ಬಾಡಿಗೆ ಮನೆ ಹುಡುಕುತ್ತಾರೆ. ಎಲ್ಲರದೂ ಒಂದೇ ಕಚೇರಿ, ಒಂದೇ ಸಂಬಳ. ಮನೆ ಒಳ್ಳೆಯದು, ನೀರು ಎರಡು ಹೊತ್ತು, ಬಸ್ಸು ಹತ್ತಿರ. ಮಾಲೀಕರು ಮೂವರ ಹೆಸರನ್ನೂ ಕೇಳುತ್ತಾರೆ, ಮೂರನೆಯವನ ಅಡ್ಡಹೆಸರನ್ನು ಎರಡನೆಯ ಸಲ ಕೇಳುತ್ತಾರೆ. ಆಮೇಲೆ, ಮೂವರಿಗೆ ಜಾಗ ಸಾಲದು, ಇಬ್ಬರಾದರೆ ಆಗಬಹುದು ಎನ್ನುತ್ತಾರೆ. ನೋಡಿದರೆ ಕೋಣೆಯೇನೋ ಸಣ್ಣದೇ! ಉಳಿದಿಬ್ಬರಿಗೆ ಸೋಮವಾರ ಕೆಲಸಕ್ಕೆ ಹಾಜರಾಗಬೇಕು, ಲಾಡ್ಜಿನ ಬಾಡಿಗೆ ಏರುತ್ತಿದೆ. ಮೂರನೆಯವನು ತಾನಾಗಿಯೇ, ನೀವಿರಿ, ನಾನು ಬೇರೆ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಹೆಚ್ಚಿನ ಪಾಲು ಹೀಗೇ ಹೇಳುತ್ತಾನೆ. ಇತರರಿಗೆ ಹೊರೆಯಾಗುವುದು ಅವನಿಗೆ ಅವಮಾನಕ್ಕಿಂತ ಹೆಚ್ಚು ನೋವು. ಅವನೇ ಹೇಳಿದನಲ್ಲ ಎಂದು ಉಳಿದಿಬ್ಬರು ಮುಂಗಡ ಕೊಟ್ಟರೆ, ಅವನ ಮಾತಿಗೆ ಗೌರವ ಕೊಟ್ಟಂತಾಯಿತೇ? ನಮ್ಮ ಮಟ್ಟಿಗೆ ಆಗಲಿಲ್ಲ. ಬಿಟ್ಟುಕೊಡುವ ಸೌಜನ್ಯ ಅವನದು. ಅದನ್ನು ಅನುಮತಿಪತ್ರದಂತೆ ಜೇಬಿಗಿಳಿಸುವ ಹಕ್ಕು ಉಳಿದವರಿಗಿಲ್ಲ.

ಕೊನೆಗೆ, ಕರೆಯಲ್ಲಿ ಬೇಡವೆನಿಸಿಕೊಂಡ ಆ ಇಬ್ಬರ ವಿಷಯ ಹೇಳುವುದು ಉಳಿಯಿತು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದು, ಆಮೇಲೆ ಬಹುಕಾಲ ವೃತ್ತಿಪರ ಆಟಗಾರರಾಗಿದ್ದರು. ಟೋಲರ್ ಅವರಿಗೆ ಅದೇ ವರ್ಷ ಮೊಣಕಾಲಿಗೆ ಏಟು ಬಿದ್ದು ಆಟವೇ ಮುಗಿಯಿತು. ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಶಾಲಾ ಮಾಸ್ತರಾಗಿ, ಮುಖ್ಯೋಪಾಧ್ಯಾಯರಾಗಿ ದುಡಿದರು. 1965ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಪಂದ್ಯಾಧಿಕಾರಿಯಾದರು. ಆ ಹುದ್ದೆಗೆ ಬಂದ ಮೊದಲ ಕಪ್ಪು ಜನಾಂಗದವರು ಅವರೇ. 1980ರ ಜನವರಿಯಲ್ಲಿ ಆ ದೇಶದ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲಿನಲ್ಲೂ ಅಧಿಕಾರಿಯಾಗಿ ಮೈದಾನಕ್ಕಿಳಿದರು. ಆ ವರ್ಷಗಳಲ್ಲೆಲ್ಲ ಲೀಗಿನ ಮುಖ್ಯಸ್ಥರಾಗಿದ್ದವರು ಪೀಟ್ ರೊಝೆಲ್. 1951ರಲ್ಲಿ ಅದೇ ಕಾಲೇಜು ತಂಡದ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದ ಯುವಕ.