ಕೊಲ್ಲುವುದೇ ಕಸುಬಾದವನಿಗೆ ಮೋಕ್ಷವುಂಟೆ?

1184ರಲ್ಲಿ, ಇಂದು ಜಪಾನಿನ ಕೋಬೆ ನಗರಕ್ಕೆ ಸೇರಿರುವ ಇಚಿನೊತಾನಿ ಕಡಲದಂಡೆಯಲ್ಲಿ, ಮಿನಮೊತೊ ಕುಲದ ಪಡೆಗೆ ಸೋತ ತೈರಾ ಕುಲದ ಸೈನಿಕರು ದೋಣಿಗಳತ್ತ ಓಡುತ್ತಿದ್ದರು. ಕುದುರೆಯನ್ನು ನೀರಿಗಿಳಿಸಿದ್ದ ಒಬ್ಬನನ್ನು ಮಿನಮೊತೊ ಕಡೆಯ ಕುಮಗಾಯ್ ನಾವೊಝಾನೆ ಕೆಣಕಿ ಹಿಂದಕ್ಕೆ ಕರೆದ. ಮರಳ ಮೇಲೆ ಕೆಡವಿ, ತಲೆ ಕಡಿಯಲು ಶಿರಸ್ತ್ರಾಣ ಸರಿಸಿದರೆ ಕಂಡದ್ದು ತನ್ನ ಮಗನ ಓರಗೆಯ ಮುಖ. ಅವನು ತೈರಾ ಅತ್ಸುಮೊರಿ, ಜಪಾನಿ ಲೆಕ್ಕದಲ್ಲಿ 17 ವರ್ಷದವನು. ಬಿಟ್ಟುಬಿಡೋಣವೆಂದರೆ ಹಿಂದೆ ತನ್ನವರೇ ಬರುತ್ತಿದ್ದಾರೆ. ತಾನು ಬಿಟ್ಟರೂ ಅವರು ಬಿಡುವುದಿಲ್ಲ. ಕೊಂದ. ಆಮೇಲೆ ನೋಡಿದರೆ ಹುಡುಗನ ಬಳಿ ಕೊಳಲಿತ್ತು. ಕುಮಗಾಯ್‌ನ ಮನಸ್ಸು ಸನ್ಯಾಸದ ಕಡೆ ಹೊರಳಿದ್ದು ಅಲ್ಲೇ ಎನ್ನುತ್ತದೆ ಈ ಯುದ್ಧದ ಕಥನ ‘ಹೈಕೆ ಮೊನೊಗತಾರಿ’.

ಕಾಮಕುರಾ ಆಡಳಿತದ ಇತಿವೃತ್ತ ‘ಅಝುಮಾ ಕಗಾಮಿ’ ಹೇಳುವುದು ಬೇರೆ. 1192ರಲ್ಲಿ ಬಂಧುವೊಬ್ಬನ ಜೊತೆ ಜಮೀನಿನ ಗಡಿ ತಗಾದೆ, ಮಿನಮೊತೊ ಕುಲದ ಮುಖಂಡ ಯೊರಿತೊಮೊನ ಎದುರು ವಿಚಾರಣೆ. ವಾದ ಮಾಡಲು ಬಾರದ ಕುಮಗಾಯ್, ತೀರ್ಪು ಮೊದಲೇ ಗೊತ್ತಾಗಿಬಿಟ್ಟಿದೆ ಎಂದು ಸಿಡಿಮಿಡಿಗೊಂಡು ಕಾಗದಪತ್ರ ಬಿಸುಟು, ಜುಟ್ಟು ಕತ್ತರಿಸಿಕೊಂಡು ಹೊರಟೇಬಿಟ್ಟ. ಒಂದು ಕಡೆ ಕರುಳಿನ ನೋವು, ಇನ್ನೊಂದು ಕಡೆ ಕೋರ್ಟಿನ ಸಿಟ್ಟು. ಎರಡೂ ಒಬ್ಬನೇ ಮನುಷ್ಯನಲ್ಲಿ ಇರಬಾರದೆಂದೇನಿಲ್ಲ.

ಬೌದ್ಧ ಶೀಲಗಳಲ್ಲಿ ಮೊದಲನೆಯದೇ ಪ್ರಾಣಹಿಂಸೆ ಮಾಡಬಾರದೆಂಬುದು. ಕೊಲ್ಲುವುದೇ ಕಸುಬಾದ ಯೋಧನ ಗತಿಯೇನು? 1052ರಿಂದ ಧರ್ಮದ ಅವನತಿಯ ಕಾಲ ಶುರುವಾಯಿತೆಂಬ ನಂಬಿಕೆ ಜಪಾನಿನಲ್ಲಿ ಹರಡಿತ್ತು. ಅರಮನೆಯ ಫುಜಿವಾರಾ ಶ್ರೀಮಂತರು ಅದಕ್ಕೆ ತಮ್ಮ ಏರ್ಪಾಟು ಮಾಡಿಕೊಂಡರು: 1053ರಲ್ಲಿ ಉಜಿಯ ಬ್ಯೊದೊಇನ್‌ನಲ್ಲಿ ಅಮಿತಾಭ ಬುದ್ಧನಿಗೆ ಚಿನ್ನದ ಹೊದಿಕೆಯ ಮೂರ್ತಿ, ಅದಕ್ಕೊಂದು ಭವ್ಯ ಮಂದಿರ, ಎದುರಿಗೆ ಕೊಳ. ಪುಣ್ಯಕ್ಕೂ ದುಡ್ಡು ಬೇಕಿದ್ದ ಕಾಲವದು. ಹಳ್ಳಿಗಾಡಿನ ಯೋಧನಿಗೆ ಅಷ್ಟು ದುಡ್ಡೂ ಇರಲಿಲ್ಲ, ಬಿಡುವೂ ಇರಲಿಲ್ಲ.

ಈ ಬಿಗಿಯನ್ನು ಸಡಿಲಿಸಿದವನು ಭಿಕ್ಷು ಹೊನೆನ್ (1133–1212). ಅವನ ತಂದೆಯೂ ಯೋಧನೇ. 1141ರಲ್ಲಿ ರಾತ್ರಿ ದಾಳಿಯಲ್ಲಿ ಪೆಟ್ಟು ತಿಂದ ಆತ, ಸೇಡು ತೀರಿಸಿಕೊಳ್ಳಬೇಡವೆಂದು ಮಗನಿಗೆ ಹೇಳಿ ಸತ್ತನೆಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ಹಿಯೆಯ್ ಬೆಟ್ಟದ ಬೌದ್ಧ ಮಠದಲ್ಲಿ ದಶಕಗಳ ಕಾಲ ಓದಿದ ಹೊನೆನ್ 1175ರ ಹೊತ್ತಿಗೆ ಒಂದು ನಿಲುವಿಗೆ ಬಂದ: ‘ನಮು ಅಮಿದಾ ಬುತ್ಸು’ (ಅಮಿತಾಭ ಬುದ್ಧನಿಗೆ ನಮನ) ಎಂದು ನಂಬಿ ಕರೆದರೆ ಸಾಕು, ಅಮಿತಾಭ ಎಂಥವನನ್ನೂ ತನ್ನ ಪಶ್ಚಿಮದ ಶುದ್ಧಭೂಮಿಗೆ ಕರೆದುಕೊಳ್ಳುತ್ತಾನೆ.

ಇವನನ್ನು ನೋಡಲು ಬಂದ ಕುಮಗಾಯ್, ಕಾದು ಕೂತಲ್ಲೇ ಕತ್ತಿ ಮಸೆಯುತ್ತಿದ್ದನಂತೆ. ಮಾಡಿದ ಪಾಪಕ್ಕೆ ಕೈಯನ್ನೋ ಕಾಲನ್ನೋ ಕಡಿದುಕೊಳ್ಳಲು ಹೇಳಬಹುದು, ತಯಾರಾಗಿರೋಣ ಎಂಬ ಲೆಕ್ಕ! ನಾಮಸ್ಮರಣೆ ಸಾಕು ಎಂದು ಹೊನೆನ್ ಹೇಳಿದಾಗ ಗಳಗಳ ಅತ್ತುಬಿಟ್ಟ. ರೆನ್‌ಸೆಯ್ ಎಂಬ ಹೆಸರಿನ ಭಿಕ್ಷುವಾದ ಮೇಲೂ ಯೋಧನ ಹಟ ಹೋಗಲಿಲ್ಲ. ಪಶ್ಚಿಮಕ್ಕೆ ಬೆನ್ನು ತೋರಬಾರದೆಂದು, ಪೂರ್ವಕ್ಕೆ ಹೋಗುವಾಗ ಕುದುರೆ ಮೇಲೆ ಹಿಂದುಮುಂದಾಗಿ ಕೂರುತ್ತಿದ್ದನೆಂಬ ಕತೆಯಿದೆ. ಶುದ್ಧಭೂಮಿಯ ಒಂಬತ್ತು ಮೆಟ್ಟಿಲುಗಳಲ್ಲಿ ತನಗೆ ಎಲ್ಲಕ್ಕಿಂತ ಮೇಲಿನದೇ ಬೇಕೆಂದು 1204ರಲ್ಲಿ ಪ್ರತಿಜ್ಞೆ ಬರೆದ.

ಕೊಂದು ನೊಂದವನಿಗೆ ಹೊನೆನ್ ಕೊಟ್ಟ ಉತ್ತರ ದಯೆಯ ಉತ್ತರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಲ್ಲಲು ಹೊರಟವನಿಗೆ? ಅಮಕಸು ತದತ್ಸುನಾ ಎಂಬ ಯೋಧ ಯುದ್ಧಕ್ಕೆ ಹೋಗುವ ಮುನ್ನ ಇದನ್ನೇ ಕೇಳಿದ. ಬಿಲ್ಲು ಬಿಡಬೇಕಿಲ್ಲ, ರಣದಲ್ಲಿ ನಾಮ ಹೇಳುತ್ತಾ ಸತ್ತರೂ ಮೋಕ್ಷವುಂಟು ಎಂದು ಹೊನೆನ್ ಅಭಯ ಕೊಟ್ಟನೆಂದು ಅವನ ಚರಿತ್ರೆ ಹೇಳುತ್ತದೆ. ಇಲ್ಲಿ ಧರ್ಮ ಯುದ್ಧವನ್ನು ತಡೆಯಲಿಲ್ಲ, ಯೋಧನ ಅಳುಕನ್ನು ಮಾತ್ರ ತೆಗೆಯಿತು. ಹೇಗಿದ್ದರೂ ಮುಕ್ತಿ ಸಿಗುವಾಗ ಪಾಪಕ್ಕೆ ಯಾಕೆ ಹೆದರಬೇಕು ಎನ್ನುವವರು ಬೇಗನೆ ಹುಟ್ಟಿಕೊಂಡರು. ಅಂಥವರನ್ನು ಎಚ್ಚರಿಸಿ ಹೊನೆನ್‌ನ ಶಿಷ್ಯ ಶಿನ್‌ರಾನ್ (1173–1263) ಪತ್ರಗಳನ್ನೇ ಬರೆಯಬೇಕಾಯಿತು.

ಈ ಚರ್ಚೆಯಲ್ಲೆಲ್ಲ ಕೊಂದವನ ಗತಿಯದ್ದೇ ಚಿಂತೆ, ಸತ್ತವನನ್ನು ಕೇಳಿದವರಿಲ್ಲ. ಅವನಿಗೆ ಬಾಯಿ ಕೊಟ್ಟವನು ‘ನೋ’ ಎಂಬ ಜಪಾನಿ ರಂಗಪ್ರಕಾರದ ನಾಟಕಕಾರ ಝೆಯಾಮಿ. ಅವನ ‘ಅತ್ಸುಮೊರಿ’ಯಲ್ಲಿ ಹುಡುಗನ ಪ್ರೇತ ಹಳೆಯ ಕಡಲದಂಡೆಯಲ್ಲಿ ರೆನ್‌ಸೆಯ್‌ಗೆ ಎದುರಾಗುತ್ತದೆ, ಕತ್ತಿಯನ್ನೂ ಎತ್ತುತ್ತದೆ. ತನಗಾಗಿ ಪ್ರಾರ್ಥಿಸುತ್ತಿರುವ ಇವನು ಈಗ ಶತ್ರುವಲ್ಲವೆಂದು ತಿಳಿದು ಹೊಡೆಯದೆ ಬಿಡುತ್ತದೆ. ಅಮಿತಾಭನ ಅಭಯಕ್ಕಿಂತ ಈ ಹುಡುಗನ ಕ್ಷಮೆಯೇ ದೊಡ್ಡದಾಗಿ ಕಾಣುತ್ತದೆ. ಆರು ಶತಮಾನ ಕಳೆದರೂ ಈ ನಾಟಕವನ್ನು ಇನ್ನೂ ಆಡುತ್ತಿದ್ದಾರೆ.