ಏಸಾವನ ಮುಖ

ಆದಿಕಾಂಡದ 33ನೇ ಅಧ್ಯಾಯದಲ್ಲಿ ಏಸಾವ ಓಡಿ ಬರುತ್ತಾನೆ. ಎದುರಿಗಿರುವವನು ಅವನ ಅವಳಿ ತಮ್ಮ ಯಾಕೋಬ. ಒಂದು ಹೊತ್ತಿನ ಊಟ ಕೊಟ್ಟು, ಆಣೆ ಮಾಡಿಸಿ, ಅಣ್ಣನ ಚೊಚ್ಚಲತನದ ಹಕ್ಕನ್ನು ಕೊಂಡುಕೊಂಡವನು. ಕಣ್ಣು ಕಾಣದ ತಂದೆಯ ಮುಂದೆ ಅಣ್ಣನ ಬಟ್ಟೆ ತೊಟ್ಟು ನಿಂತು, ಅಣ್ಣನಿಗೆ ಸಲ್ಲಬೇಕಿದ್ದ ಆಶೀರ್ವಾದವನ್ನೂ ಪಡೆದು ಓಡಿಹೋದವನು. ಅದಾಗಿ ಇಪ್ಪತ್ತು ವರ್ಷ ಕಳೆದಿದೆ. ಏಸಾವನ ಬೆನ್ನಿಗೆ 400 ಮಂದಿ ಇದ್ದಾರೆ. ಯಾಕೋಬನೋ ಹಿಂದಿನ ರಾತ್ರಿಯನ್ನೆಲ್ಲ ಯಬ್ಬೋಕ್ ಹೊಳೆಯ ದಡದಲ್ಲಿ ಹೋರಾಡಿ ಕಳೆದು, ತೊಡೆಯ ಕೀಲು ತಪ್ಪಿ ಕುಂಟುತ್ತಿದ್ದಾನೆ. ಕೊಲ್ಲುತ್ತೇನೆಂದು ಒಮ್ಮೆ ಪಣ ತೊಟ್ಟಿದ್ದ ಅಣ್ಣ ಓಡಿ ಬಂದು ತಮ್ಮನನ್ನು ಅಪ್ಪಿಕೊಳ್ಳುತ್ತಾನೆ, ಕೊರಳಿಗೆ ಆತುಕೊಂಡು ಮುದ್ದಿಡುತ್ತಾನೆ. ಇಬ್ಬರೂ ಅಳುತ್ತಾರೆ.

ಸತ್ಯವೇದವನ್ನು ಎಷ್ಟು ಸಲ ಓದಿದರೂ ನಾನು ಈ ಸಾಲುಗಳನ್ನು ದಾಟಿ ಸುಮ್ಮನೆ ಮುಂದೆ ಹೋಗಲಾರೆ. ನಮ್ಮ ಸಭೆಗಳಲ್ಲಿ ಏಸಾವನ ಹೆಸರು ಬರುವುದು ಹೆಚ್ಚಾಗಿ ಎಚ್ಚರಿಕೆಯ ಮಾತಿಗೆ. ಹೊಟ್ಟೆಗಾಗಿ ಹಕ್ಕನ್ನು ಮಾರಿಕೊಂಡವನು, ಪವಿತ್ರವಾದದ್ದರ ಬೆಲೆ ತಿಳಿಯದವನು ಎಂದು. ಆ ಮಾತು ಸುಳ್ಳಲ್ಲ. ಆದರೆ ಅವನ ಕಥೆ ಅಲ್ಲಿಗೆ ನಿಲ್ಲುವುದಿಲ್ಲ.

ಅವನು ಮಾರಿದ್ದು ಸಣ್ಣದನ್ನಲ್ಲ. ಚೊಚ್ಚಲ ಮಗನಿಗೆ ತಂದೆಯ ಆಸ್ತಿಯಲ್ಲಿ ಎರಡು ಪಾಲು ಸಲ್ಲಬೇಕೆಂದು ಧರ್ಮೋಪದೇಶಕಾಂಡ ಮುಂದೆ ಕಟ್ಟಳೆ ಮಾಡುತ್ತದೆ. ಆ ಮನೆಯಲ್ಲಿ ಎರಡು ಪಾಲಿಗಿಂತ ದೊಡ್ಡದು ಇನ್ನೊಂದಿತ್ತು: ಭೂಮಿಯ ಎಲ್ಲ ಕುಲಗಳಿಗೂ ನಿನ್ನ ಮೂಲಕ ಆಶೀರ್ವಾದ ಉಂಟಾಗುವುದೆಂದು ದೇವರು ಅಬ್ರಹಾಮನಿಗೆ ಕೊಟ್ಟ ಮಾತು. ಬೇಟೆಯಿಂದ ದಣಿದು ಬಂದ ಏಸಾವನಿಗೆ ಆ ಹೊತ್ತಿನಲ್ಲಿ ಕಂಡದ್ದು ಒಲೆಯ ಮೇಲಿನ ಕೆಂಪು ಬೇಳೆಯ ಅಡಿಗೆ ಮಾತ್ರ. ಸಾಯುತ್ತಿರುವವನಿಗೆ ಚೊಚ್ಚಲತನ ಏತಕ್ಕೆ ಎಂದುಬಿಟ್ಟ. ತಿಂದ, ಕುಡಿದ, ಎದ್ದ, ಹೊರಟುಹೋದ. ಕಥೆ ಹೇಳಿದವನು ಒಂದೇ ಉಸಿರಿನಲ್ಲಿ ಇಷ್ಟನ್ನೂ ಹೇಳಿ, ಏಸಾವ ತನ್ನ ಹಕ್ಕನ್ನು ತಾತ್ಸಾರ ಮಾಡಿದನೆಂದು ತೀರ್ಪು ಕೊಡುತ್ತಾನೆ. ಅವನ ಹಸಿವನ್ನು ಅಲ್ಲಿ ಯಾರೂ ದೂರುವುದಿಲ್ಲ. ತಪ್ಪು ಇದ್ದದ್ದು, ಹೊಟ್ಟೆ ತುಂಬಿ ಎದ್ದು ಹೋಗುವಾಗಲೂ ಅವನಿಗೆ ಏನನ್ನೋ ಕಳೆದುಕೊಂಡೆನೆಂದು ಅನಿಸದೆ ಹೋದದ್ದರಲ್ಲಿ.

ಅನಿಸಿದ್ದು ತಡವಾಗಿ. ತಮ್ಮ ಆಶೀರ್ವಾದ ಪಡೆದು ಆಚೆ ಹೋದ ಮೇಲೆ, ಬೇಟೆಯ ಮಾಂಸದ ಅಡಿಗೆ ಹಿಡಿದು ತಂದೆಯ ಬಳಿಗೆ ಬಂದವನು ನಡೆದದ್ದನ್ನು ತಿಳಿದು ಕೂಗಿಕೊಂಡ. ನಿನ್ನಲ್ಲಿ ಒಂದೇ ಆಶೀರ್ವಾದವಿತ್ತೇ ಎಂದು ಕೇಳಿ ಗಟ್ಟಿಯಾಗಿ ಅತ್ತ. ಮುದುಕ ಇಸಾಕ ಗಡಗಡನೆ ನಡುಗಿದ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವನಿಗಿರಲಿಲ್ಲ. ಬರುತ್ತದೆಂದು ನಂಬಿಕೊಂಡಿದ್ದ ಪಾಲು ಬಾರದೆ ಹೋದವರ ಅಳು ಹೇಗಿರುತ್ತದೆಂದು ನಮ್ಮೂರುಗಳಲ್ಲಿ ಯಾರಿಗೆ ಗೊತ್ತಿಲ್ಲ? ಆ ಅಳುವಿನಲ್ಲಿ ಅರ್ಧ ಆಸ್ತಿಗಾಗಿ, ಇನ್ನರ್ಧ ಅಪ್ಪ ನನ್ನನ್ನೇಕೆ ಮರೆತ ಎಂಬುದಕ್ಕಾಗಿ.

ಗೆದ್ದವನ ಪಾಡನ್ನೂ ನೋಡಬೇಕು. ಯಾಕೋಬ ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟ. ಖಾರಾನಿನಲ್ಲಿ ಸೋದರಮಾವ ಲಾಬಾನನ ಮನೆಯಲ್ಲಿ ದುಡಿದ. ರಾಹೇಲಳಿಗಾಗಿ ಏಳು ವರ್ಷ ಕಾದ ಮೇಲೆ ಮದುವೆಯ ರಾತ್ರಿ ಅವನ ಬಳಿಗೆ ಬಂದವಳು ಅವಳ ಅಕ್ಕ ಲೇಯಳು. ಹಿರಿಯವಳಿರುವಾಗ ಕಿರಿಯವಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಲಾಬಾನ ಸಮಾಧಾನವಾಗಿ ಹೇಳಿದಾಗ, ಹಿರಿಯವನ ಹಕ್ಕನ್ನು ಕಸಿದುಕೊಂಡು ಬಂದಿದ್ದ ಆ ಅಳಿಯನಿಗೆ ಹೇಗಾಗಿರಬೇಡ! ತಂದೆಯನ್ನು ಮೋಸಗೊಳಿಸಲು ಆಡಿನ ತೊಗಲನ್ನು ಕೈಗೆ ಸುತ್ತಿಕೊಂಡವನಿಗೆ, ಮುಂದೆ ಅವನ ಮಕ್ಕಳೇ ಆಡಿನ ರಕ್ತದಲ್ಲಿ ಅದ್ದಿದ ಯೋಸೇಫನ ಅಂಗಿಯನ್ನು ತಂದು ತೋರಿಸಿದರು. ಅಷ್ಟು ಪ್ರೀತಿಸಿದ್ದ ತಾಯಿ ರೆಬೆಕ್ಕಳನ್ನು ಅವನು ಮತ್ತೆ ಕಂಡನೆಂದು ಸತ್ಯವೇದದಲ್ಲಿ ಎಲ್ಲೂ ಇಲ್ಲ. ಕೊನೆಗಾಲದಲ್ಲಿ ಫರೋಹನ ಮುಂದೆ ನಿಂತು, ನನ್ನ ಆಯುಷ್ಯದ 130 ವರ್ಷಗಳು ಕೊಂಚ ಕಾಲ, ಅದೂ ಕಷ್ಟದ ಕಾಲ ಎಂದ.

ಇಸಾಕನ ಆಶೀರ್ವಾದದಲ್ಲಿ, ನಿನ್ನ ತಾಯಿಯ ಮಕ್ಕಳು ನಿನಗೆ ಅಡ್ಡಬೀಳಲಿ ಎಂದಿತ್ತು. ಮೋಸದಿಂದ ಪಡೆದ ಆ ಮಾತಿನ ಒಡೆಯ, ಆ ಭೇಟಿಯ ದಿನ ಅಣ್ಣನ ಹತ್ತಿರಕ್ಕೆ ಬರುತ್ತಾ ಏಳು ಸಲ ನೆಲಕ್ಕೆ ಬಾಗಿದ. ತನ್ನನ್ನು ದಾಸನೆಂದ, ಅಣ್ಣನನ್ನು ಒಡೆಯನೆಂದ. 550 ಆಡು, ಕುರಿ, ಒಂಟೆ, ದನ, ಕತ್ತೆಗಳನ್ನು ಕಾಣಿಕೆಯಾಗಿ ಮುಂದೆ ಕಳಿಸಿದ್ದ. ಏಸಾವ ಅವನ್ನು ನೋಡಿ ಹೇಳಿದ ಮಾತು ನನಗೆ ಇಡೀ ಆದಿಕಾಂಡದ ದೊಡ್ಡ ಮಾತುಗಳಲ್ಲಿ ಒಂದು: ತಮ್ಮಾ, ನನಗೆ ಬೇಕಾದಷ್ಟಿದೆ, ನಿನ್ನದು ನಿನಗೇ ಇರಲಿ ಎಂದು. ಒಂದು ಕಾಲಕ್ಕೆ ಒಂದು ಹೊತ್ತಿನ ಅಡಿಗೆ ಕಂಡರೆ ತಡೆಯಲಾರದೆ ಹೋದವನು ಇಷ್ಟು ದನಕರು ಕಂಡೂ ಸಾಕು ಎನ್ನುತ್ತಾನೆ. ತಮ್ಮ ಒತ್ತಾಯ ಮಾಡಿದ ಮೇಲೆಯೇ ತೆಗೆದುಕೊಳ್ಳುತ್ತಾನೆ.

ಅವನು ಹೀಗಾದದ್ದು ಯಾವಾಗ? ಯಾಕೋಬನ ಮಾರ್ಪಾಟಿಗೆ ಬೇತೇಲಿನ ಕನಸಿದೆ, ಯಬ್ಬೋಕಿನ ರಾತ್ರಿಯಿದೆ, ಇಸ್ರಾಯೇಲ ಎಂಬ ಹೊಸ ಹೆಸರಿದೆ. ಏಸಾವನಿಗೆ ಇವು ಯಾವುವೂ ಇಲ್ಲ. ಸೇಯೀರಿನ ಬೆಟ್ಟಸೀಮೆಯಲ್ಲಿ, ಯಾರೂ ಬರೆದಿಡದ ಇಪ್ಪತ್ತು ವರ್ಷಗಳಲ್ಲಿ, ಒಬ್ಬ ಮನುಷ್ಯನ ಸಿಟ್ಟು ಕರಗಿತು. ಒಡಂಬಡಿಕೆಯ ವಂಶಾವಳಿಯಿಂದ ಹೊರಗೆ ಉಳಿದವನ ಎದೆಯಲ್ಲೂ ದೇವರು ಇಷ್ಟು ದೊಡ್ಡ ಕೆಲಸವನ್ನು ಸದ್ದಿಲ್ಲದೆ ಮಾಡಬಲ್ಲನೆಂಬುದು ನನ್ನನ್ನು ಬೆರಗಾಗಿಸುತ್ತದೆ. ಯಾಕೋಬನಿಗೂ ಅದು ಕಂಡಿರಬೇಕು. ನಿನ್ನ ಮುಖ ನೋಡಿ ದೇವರ ಮುಖ ನೋಡಿದ ಹಾಗಾಯಿತು ಎಂದು ಅವನು ಅಣ್ಣನಿಗೆ ಹೇಳುತ್ತಾನೆ. ಇದನ್ನು ಮುಖಸ್ತುತಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿಂದಿನ ರಾತ್ರಿಯಷ್ಟೇ ದೇವರನ್ನು ಮುಖಾಮುಖಿಯಾಗಿ ಕಂಡೂ ಉಳಿದೆನೆಂದು ಆ ಜಾಗಕ್ಕೆ ಪೆನೀಯೇಲ್ ಎಂದು ಹೆಸರಿಟ್ಟು ಬಂದವನು ಅವನು. ದೇವರ ಮುಖ ಎಂಬ ಮಾತನ್ನು ಅಂದು ಬೆಳಿಗ್ಗೆ ಅವನು ಹಗುರವಾಗಿ ಆಡಲಾರ.

ಯೇಸುಸ್ವಾಮಿ ಹೇಳಿದ ತಪ್ಪಿಹೋದ ಮಗನ ಸಾಮ್ಯವನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ಓದಿ ನೋಡಿ. ಅಲ್ಲಿಯೂ ಇಬ್ಬರು ಮಕ್ಕಳು, ಅಲ್ಲಿಯೂ ಆಸ್ತಿಯ ಪಾಲು, ಅಲ್ಲಿಯೂ ದೂರದೇಶದಿಂದ ಹೆದರುತ್ತಾ ಮರಳುವ ಕಿರಿಯವನು. ತಂದೆ ಓಡಿ ಬರುತ್ತಾನೆ, ಕೊರಳನ್ನು ತಬ್ಬಿಕೊಳ್ಳುತ್ತಾನೆ, ಮುದ್ದಿಡುತ್ತಾನೆ. ಏಸಾವ ಮಾಡಿದ್ದನ್ನೇ ಮಾಡುತ್ತಾನೆ. ಆದರೆ ಆ ಸಾಮ್ಯದ ಹಿರಿಯ ಮಗ ಮನೆಯೊಳಗೆ ಕಾಲಿಡಲು ಒಪ್ಪದೆ ಹೊರಗೇ ನಿಲ್ಲುತ್ತಾನೆ. ಅವನ ಹಕ್ಕಿನಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ, ನನ್ನದೆಲ್ಲಾ ನಿನ್ನದೇ ಎಂದು ತಂದೆಯೇ ಹೇಳುತ್ತಾನೆ. ಆದರೂ ಅವನಿಗೆ ತಮ್ಮನನ್ನು ಅಪ್ಪಲಾಗದು. ಎಲ್ಲವನ್ನೂ ಕಳೆದುಕೊಂಡ ಏಸಾವನಿಗೆ ಸಾಧ್ಯವಾದದ್ದು ಏನನ್ನೂ ಕಳೆದುಕೊಳ್ಳದ ಅವನಿಗೆ ಸಾಧ್ಯವಾಗಲಿಲ್ಲ.

ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ ಏಸಾವನ ಬಗ್ಗೆ ಕಟುವಾಗಿ ಮಾತಾಡುತ್ತದೆ, ಕಣ್ಣೀರಿಟ್ಟು ಕೇಳಿದರೂ ಅವನಿಗೆ ಆಶೀರ್ವಾದ ದಕ್ಕಲಿಲ್ಲ ಎನ್ನುತ್ತದೆ. ಅದೇ ಅಧ್ಯಾಯ ಕೆಲವೇ ವಚನಗಳ ಮುಂದೆ, ಪರಲೋಕದಲ್ಲಿ ಹೆಸರು ಬರೆಸಿಕೊಂಡಿರುವ ಚೊಚ್ಚಲ ಮಕ್ಕಳ ಸಭೆಗೆ ನೀವು ಬಂದಿದ್ದೀರಿ ಎಂದೂ ಹೇಳುತ್ತದೆ. ಒಂದು ಮನೆಯಲ್ಲಿ ಚೊಚ್ಚಲು ಒಬ್ಬನೇ ತಾನೇ? ಇಲ್ಲಿ ಇಡೀ ಸಭೆಯೇ ಚೊಚ್ಚಲು. ಕೂಲಿಯವಳು, ಮನೆಯ ಕಡೆಯ ಮಗ, ತವರಿನಲ್ಲಿ ಪಾಲು ಸಿಗದ ಹೆಣ್ಣುಮಗಳು, ಎಲ್ಲರೂ ಎರಡು ಪಾಲಿನ ಬಾಧ್ಯಸ್ಥರು. ಚೊಚ್ಚಲನಾದ ಕ್ರಿಸ್ತನು ತನ್ನ ಹಕ್ಕನ್ನು ತಮ್ಮಂದಿರ ಜೊತೆ ಹಂಚಿಕೊಂಡದ್ದರಿಂದ ಆದ ಲೆಕ್ಕ ಇದು. ಹಂಚಿದರೆ ಕಡಿಮೆಯಾಗದ ಆಸ್ತಿ ಇದೊಂದೇ.

ನಮ್ಮ ಕರಾವಳಿಯ ಹಿರಿಯರಿಗೆ ಈ ವಚನ ಬರಿಯ ಬೋಧನೆಯಾಗಿರಲಿಲ್ಲ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಎಷ್ಟೋ ಜನ ಮನೆಯಿಂದ ಹೊರಗಾದರು. ಕುಟುಂಬದ ಆಸ್ತಿ ಹೋಯಿತು, ಕುಲಕಸುಬೂ ಹೋಯಿತು. ಮತ ಬದಲಿಸಿದ್ದಕ್ಕಾಗಿ ಆಸ್ತಿಯ ಹಕ್ಕು ತಪ್ಪಬಾರದೆಂಬ ಕಾಯಿದೆಯನ್ನು ಕಂಪನಿ ಸರ್ಕಾರ ತಂದದ್ದು 1850ರಲ್ಲಿ. ಕಾಯಿದೆ ಬಂದರೂ ಮುಚ್ಚಿದ ಬಾಗಿಲು ತೆರೆಯಬೇಕೆಂದೇನೂ ಇರಲಿಲ್ಲ. ಮಿಷನ್ನಿನ ನೇಯ್ಗೆ, ಹೆಂಚಿನ ಕಾರ್ಖಾನೆಗಳಲ್ಲಿ ದುಡಿದು ಅನ್ನ ಕಂಡುಕೊಂಡ ಆ ಜನ ಭಾನುವಾರ ಚರ್ಚಿನಲ್ಲಿ ಕುಳಿತು ತಾವೂ ಚೊಚ್ಚಲ ಮಕ್ಕಳೆಂದು ಕೇಳಿಸಿಕೊಂಡಾಗ ಆ ಮಾತು ಅವರ ಎದೆಗೆ ಎಷ್ಟು ಆಳಕ್ಕೆ ಇಳಿದಿರಬೇಕು! ಏಸಾವ ಊಟಕ್ಕಾಗಿ ಬಿಟ್ಟುಕೊಟ್ಟದ್ದನ್ನು ಅವರು ಕ್ರಿಸ್ತನಿಗಾಗಿ ಬಿಟ್ಟುಕೊಟ್ಟಿದ್ದರು.

ಏಸಾವನಿಗೂ ದೇವರು ಒಂದು ಪಾಲು ಇಟ್ಟಿದ್ದ. ಅರಣ್ಯದಿಂದ ಬರುತ್ತಿದ್ದ ಇಸ್ರಾಯೇಲ್ಯರಿಗೆ, ಸೇಯೀರ್ ಬೆಟ್ಟವನ್ನು ನಾನು ಏಸಾವನಿಗೆ ಸ್ವಾಸ್ತ್ಯವಾಗಿ ಕೊಟ್ಟಿದ್ದೇನೆ, ಅಲ್ಲಿ ಒಂದು ಹೆಜ್ಜೆಯಷ್ಟು ನೆಲವೂ ನಿಮ್ಮದಲ್ಲ ಎಂದು ಕಟ್ಟಪ್ಪಣೆ ಮಾಡಿದ. ಇಸಾಕ 180 ವರ್ಷ ಬದುಕಿ ಹೆಬ್ರೋನಿನ ಸೀಮೆಯಲ್ಲಿ ತೀರಿಕೊಂಡಾಗ ಏಸಾವ, ಯಾಕೋಬ ಇಬ್ಬರೂ ಕೂಡಿ ಮಣ್ಣು ಮಾಡಿದರು. ತಂದೆಯ ಶವದ ಮುಂದೆ ಅಣ್ಣತಮ್ಮಂದಿರು ಜಗಳ ತೆಗೆಯುವ ಮನೆಗಳು ಇಂದಿಗೂ ನಮ್ಮ ನಡುವೆ ಬೇಕಾದಷ್ಟಿವೆ. ಆದ್ದರಿಂದ ಸಭಾಪಾಲಕರಲ್ಲಿ, ಮನೆಪ್ರಾರ್ಥನೆ ನಡೆಸುವ ಹಿರಿಯರಲ್ಲಿ ನನ್ನದೊಂದು ವಿನಂತಿ: ಏಸಾವನ ಕಥೆಗಾಗಿ ಆದಿಕಾಂಡದ 25ನೇ ಅಧ್ಯಾಯ ತೆರೆದ ದಿನ ದಯವಿಟ್ಟು 33ನೆಯದನ್ನೂ ಪೂರ್ತಿಯಾಗಿ ಓದಿ.